ತಿಮ್ಮವ್ವನ ಹಾಜರಿ

ಹೀರಾಬಿ ಕಾರ್ಯದರ್ಶಿಯಾಗಿದ್ದ ಹೆಂಗಸರ ಹಾಲಿನ ಸಂಘಕ್ಕೆ ಹಾಲು ತಣ್ಣಗಿಡುವ ಯಂತ್ರ ಇರಲಿಲ್ಲ. ದೇವದುರ್ಗದ ಮಗ್ಗುಲಿನ ಆ ಊರಿನಿಂದ ಹೊರಟ ಟೆಂಪೊ ಬೇಸಿಗೆಯಲ್ಲಿ ದಾರಿಯ ಕಲ್ಮಲ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಕ್ಯಾನುಗಳ ಹಾಲು ಒಡೆದಿರುತ್ತಿತ್ತು. ರಾಯಚೂರಿನ ಡೇರಿಯವರು ಮೂಸಿ ನೋಡಿ ವಾಪಸು ಕಳಿಸುತ್ತಿದ್ದರು.

ಇವತ್ತು ಯಂತ್ರ ಕೊಡುವವರೇ ಬಂದು ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ದೇಶದ ಎಲ್ಲ ಸಂಘಗಳ ಪರವಾಗಿ ಮಾತಾಡುವ ದಿಲ್ಲಿಯ ಸಹಕಾರ ಮಹಾಮಂಡಳದ ಈ ಭಾಗದ ಅಧಿಕಾರಿ, ಸುಭಾಷ್. ಜಿಲ್ಲೆಗೆ ಎರಡೇ ಯಂತ್ರ. ಒಂದು ಆಗಲೇ ಮಾನ್ವಿಗೆ ಹೋಗಿತ್ತು.

"ಕೀನ್ಯಾದಾಗ, ಇಟಲಿದಾಗ ಅಲ್ಲೀ ಮಹಾಮಂಡಳದವ್ರು ಸಣ್ಣ ಸಂಘದ ಬೆನ್ನಿಗೆ ನಿಂತು ತರಬೇತಿ ಕೊಡ್ತಾರ, ಸರ್ಕಾರದ ಕೂಡ ಜಗಳಾ ಆಡ್ತಾರ. ನಾವೂ ನಿಂದ್ರಬೇಕಂತ ಬಂದೀವಿ," ಎನ್ನುತ್ತ ಸುಭಾಷ್ ಸಭೆಯ ಪುಸ್ತಕ ತಿರುವಿದ. ಒಂದು ಹಾಳೆಯ ಮೇಲೆ ಬೆರಳು ನಿಂತಿತು. "ಹೀರಾಬಿಯವ್ರ, ಈ ತಿಮ್ಮವ್ವನ ಮರಣ ಪತ್ರ ಇದ ಫೈಲಿನಾಗ ಅದ. ಸತ್ತ ಮ್ಯಾಲೂ ಹತ್ತು ತಿಂಗಳ ಸಭಾಕ್ಕ ಹಾಜರ್ ಅಂತ ಬರದೀರಲ್ರೀ?"

ಹೀರಾಬಿಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ. ಯಾವ ಸದಸ್ಯೆ ಸತ್ತರೂ ವರ್ಷ ತುಂಬುವವರೆಗೆ ಹೆಸರು ಕೂಗುವುದು ಸಂಘದ ರೂಢಿ. ಮಗ್ಗುಲಲ್ಲಿ ಕೂತವಳು "ಅದಾಳ" ಅನ್ನುತ್ತಾಳೆ. ಅಂದದ್ದನ್ನು ಬರೆಯುವುದು ಹೀರಾಬಿಯ ಕೆಲಸ.

ತಿಮ್ಮವ್ವನ ಸೊಸೆ ಕರೆಮ್ಮ ಸೆರಗು ಸಿಗಿಸಿಕೊಂಡು ಮುಂದೆ ಬಂದಳು. "ಇದ್ದಾಗ ಎಮ್ಮಿ ಈದದ, ಮೊಣಕಾಲು ಹಿಡದಾವ ಅಂತ ತಪ್ಪಿಸ್ತಿದ್ಲು ಸಾಹೇಬ್ರ. ಸತ್ತ ಮ್ಯಾಲ ಒಂದಕ್ಕೂ ತಪ್ಪಿಸಿಲ್ಲ!"

ಹೆಂಗಸರು ನಕ್ಕರು. ಸುಭಾಷನೂ ನಕ್ಕ, ಆಮೇಲೆ ಪುಸ್ತಕ ಮುಚ್ಚಿದ.

"ಮ್ಯಾಲಿನವ್ರು ಖೊಟ್ಟಿ ಹಾಜರಿ ಅಂತಾರವ್ವಾ. ಹತ್ತೂ ಕಡಿ ಗೀಟು ಹೊಡದು, ಮಗ್ಗಲಕ್ಕ 'ಸತ್ತಾಳ' ಅಂತ ಬರದು ಸಹಿ ಮಾಡ್ರಿ. ಇವತ್ತ ಕಾಗದ ಮ್ಯಾಲಕ್ಕ ಕಳಿಸ್ತೀನಿ. ಇಲ್ಲಂದ್ರ ಯಂತ್ರ ಬ್ಯಾರೆ ಊರಿಗೆ."

"ಇಟಲಿದಾಗ ಸತ್ತವ್ರ ಹೆಸರು ಏನ್ ಮಾಡ್ತಾರಂತ ಕೇಳೀರೇನ್ರೀ?" ಅಂದಳು ಕರೆಮ್ಮ. ಅವನು ಪುಸ್ತಕವನ್ನು ಹೀರಾಬಿಯ ಮುಂದೆ ಸರಿಸಿದ. ಅವಳು ಹೀರಾಬಿಯ ಕಡೆ ತಿರುಗಿದಳು. "ವರ್ಷ ತುಂಬಾಕ ಇನ್ನ ಎರಡು ತಿಂಗಳ ಅದ."

"ಗೊತ್ತದ ಯಕ್ಕಾ. ನಿನ್ನಿ ನಿನ್ನ ಹಾಲೂ ವಾಪಸ್ ಬಂತಲ್ಲ?"

"ಬಂತು. ಚೆಲ್ಲಿದೆ. ನಾಳೆ ನಾ ಸತ್ರೂ ಹಿಂಗ ಗೀಟು ಹೊಡಿತೀಯೇನು?"

ಹೀರಾಬಿ ಶಾಲೆಯ ಅಳತೆಪಟ್ಟಿ ತರಿಸಿಕೊಂಡಳು. ಮೊದಲ ಗೀಟು ಸೊಟ್ಟಗೆ ಬಿತ್ತು. ಉಳಿದವು ನೆಟ್ಟಗೆ ಬಿದ್ದವು. ಹತ್ತನೆಯದಕ್ಕೆ ಸಹಿ ಮಾಡಿ ತಲೆ ಎತ್ತಿದಾಗ ಕರೆಮ್ಮ ಇರಲಿಲ್ಲ. ಅವಳ ಓಣಿಯವರೂ ಎದ್ದು ಹೋಗಿದ್ದರು.

ಯಂತ್ರ ಮೇ ತಿಂಗಳಲ್ಲಿ ಬಂದು ಶಾಲೆಯ ಮಗ್ಗುಲಿನ ಕೋಣೆಯಲ್ಲಿ ಕೂತಿತು. ಐನೂರು ಲೀಟರಿನ ಉಕ್ಕಿನ ತೊಟ್ಟಿ. ಮುಟ್ಟಿದರೆ ತಂಪಿಗೆ ಕೈ ಜುಮ್ಮೆನ್ನುತ್ತಿತ್ತು. ಮೊದಲ ಬೆಳಿಗ್ಗೆ ಹೀರಾಬಿ ಎಂಟು ಗಂಟೆಯವರೆಗೆ ಮುಚ್ಚಳ ತೆರೆದಿಟ್ಟುಕೊಂಡು ಕರೆಮ್ಮನ ಓಣಿಯ ಹಾಲಿಗಾಗಿ ಕಾದಳು. ಸಿರವಾರದ ಖಾಸಗಿ ಡೇರಿಯ ಗಾಡಿ ಕ್ಯಾನು ತುಂಬಿಕೊಂಡು ಆ ಓಣಿಯಿಂದ ಹೊರಬಿದ್ದು ಶಾಲೆಯ ಮುಂದೆಯೇ ಹಾದುಹೋಯಿತು. ಅವಳು ಮುಚ್ಚಳ ಹಾಕಿದಳು.

ಒಂದು ಹನಿ ಹಾಲೂ ಒಡೆಯಲಿಲ್ಲ. ಇಪ್ಪತ್ತೆಂಟು ಮನೆಗಳಲ್ಲಿ ಏಳು ಮನೆಯ ಹಾಲು ಬರಲಿಲ್ಲ.