ದೈವದ್ದಲ್ಲದ ನಡುಕ

ನನ್ನ ಬಲಗೈ ನಡುಗಲು ಶುರುವಾಗಿ ಒಂದೂವರೆ ವರ್ಷವಾಯಿತು. ಬೇರೆ ಯಾರ ಕೈ ನಡುಗಿದರೂ ನಮ್ಮೂರಿನವರು ಡಾಕ್ಟರಿಗೆ ತೋರಿಸು ಎನ್ನುತ್ತಾರೆ. ನನ್ನ ಕೈ ನಡುಗಿದರೆ ಕೈ ಮುಗಿಯುತ್ತಾರೆ. ಯಾಕೆಂದರೆ ನಾನು ಮರವಂತೆಯ ಕಡಲ ಬದಿಯಲ್ಲಿರುವ ಬೊಬ್ಬರ್ಯ ದೈವದ ಸ್ಥಾನದ ಪಾತ್ರಿ, ಬಚ್ಚ. ಸಂಕ್ರಮಣದ ದಿನ ದೈವ ನನ್ನ ಮೈಮೇಲೆ ಬರುತ್ತದೆ, ಮೈ ನಡುಗುತ್ತದೆ, ಕಷ್ಟ ಹೇಳಿಕೊಂಡವರಿಗೆ ನನ್ನ ಬಾಯಿಂದ ನುಡಿ ಸಿಗುತ್ತದೆ. ಇಪ್ಪತ್ತಾರು ವರ್ಷದಿಂದ ನಡೆದುಬಂದದ್ದು ಹೀಗೆ.

ಒಮ್ಮೆ ಕುಂದಾಪುರದಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಕೈ ಕುಣಿಯತೊಡಗಿತು. ಎದುರಿಗೆ ಕೂತಿದ್ದ ಹೆಂಗಸು ದಡಬಡಿಸಿ ಎದ್ದು, ತಲೆಗೆ ಸೆರಗು ಹಾಕಿಕೊಂಡು, "ಸ್ವಾಮಿ, ಕೂಕಣಿ" ಎಂದಳು. ಕಂಡಕ್ಟರ್ ನನ್ನ ಹತ್ತಿರ ಟಿಕೆಟ್ ಕೇಳಲೇ ಇಲ್ಲ. ಅಮ್ಮಾ, ಇದು ಸೀಕು, ಬರೀ ಕಾಯಿಲೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳಾಡಲು ಬಾಯಿಯೇ ಬೇಕೆಂದಿಲ್ಲ, ಬಿಟ್ಟುಕೊಟ್ಟ ಸೀಟಿನಲ್ಲಿ ಕೂತರೂ ಸಾಕು. ಮರವಂತೆ ಬರುವವರೆಗೂ ಕೂತೇ ಬಂದೆ.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಈ ನಡುಕ ಶುರುವಾದ ಮೇಲೆ ದೈವ ನನ್ನ ಮೈಮೇಲೆ ಬರಲೇ ಇಲ್ಲ. ಮೊದಲು ಬರುತ್ತಿತ್ತು, ಅದು ಸತ್ಯ. ಆಗ ನಾನೇನು ಹೇಳಿದೆ ಎಂಬುದು ಆಮೇಲೆ ಬೇರೆಯವರು ಹೇಳಿದರೇ ನನಗೆ ಗೊತ್ತಾಗುತ್ತಿತ್ತು. ಈಗ ಹಾಗಲ್ಲ. ಅಡಿಕೆ ಹೂವಿನ ಸಿಂಗಾರದ ಗೊನೆ ಹಿಡಿದು ನಿಂತರೆ ಕೈ ನಡುಗುತ್ತದೆ, ಜನ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ, ನಾನು ಮಾತ್ರ ಎಚ್ಚರವಾಗಿಯೇ ಇರುತ್ತೇನೆ. ಯಾರ ಸೀರೆ ಹೊಸದು, ಯಾರು ಅತ್ತು ಬಂದಿದ್ದಾರೆ ಎಲ್ಲ ಕಾಣುತ್ತದೆ. ಅದನ್ನು ನೋಡಿಯೇ ನುಡಿ ಕೊಡುತ್ತಿದ್ದೆ.

ನನ್ನ ಹೆಂಡತಿ ಪದ್ದು ನಾವುಂದದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಕೊಳೆತ ಬಂಗುಡೆಯನ್ನು ಮಾರುದೂರದಿಂದಲೇ ಗುರುತಿಸುವ ಅವಳಿಗೆ ಗಂಡನ ಕೈ ತಿಳಿಯದೇ?

"ನಾಳಿಕೆ ಕುಂದಾಪ್ರಕ್ ಹೋಪ. ನರದ್ ಡಾಕ್ಟ್ರ್ ಇದ್ರಂಬ್ರ್" ಎಂದಳು.

"ಅಲ್ಲ್ ಬಾಗ್ಲಂಗೆ ಕೂಕಂಡ್ರೆ ನನ್ನ್ ಕಾಂಬೋರ್ ಯಾರ್ ಗೊತ್ತಿತಾ? ಎಲ್ಲ ನಾನ್ ಪ್ರಸಾದ ಕೊಟ್ಟೋರೇ."

"ಕಂಡ್ರೆ ಕಾಣ್ಲಿ. ಮರ್ಯಾದಿ ಎಂತ, ಉಂಬುಕಾತ್ತಾ?"

ಅವಳಿಗೆ ಹೇಳುವುದು ಸುಲಭ. ಊರಿನವರಿಗೆಲ್ಲ ಪ್ರಸಾದ ಕೊಟ್ಟವನು ತಾನು ಚೀಟಿ ಹಿಡಿದು ಕ್ಯೂನಲ್ಲಿ ಕೂತರೆ ಮರುದಿನದಿಂದ ಸ್ಥಾನಕ್ಕೆ ಯಾರು ಬರುತ್ತಾರೆ? ನಾನು ಒಪ್ಪಲಿಲ್ಲ.

ಮಗ ರತನ್ ಹಡಗಿನಲ್ಲಿ ಕೆಲಸ ಮಾಡುವವನು. ರಜೆಯಲ್ಲಿ ಮನೆಗೆ ಬಂದಾಗ ನನ್ನ ಕೈ ನೋಡಿ ಒಂದು ಸುದ್ದಿ ತೆಗೆದ.

"ಅಪ್ಪಯ್ಯ, ನನ್ನ್ ಒಟ್ಟಿಗೆ ಕೆಲ್ಸ ಮಾಡು ರೋಯೆಲ್ ಅಂಬವ ಇದ್ದ, ಫಿಲಿಪೀನ್ಸಿನವ. ಅವನ್ ಊರಂಗೆ ಒಬ್ರ್ ಅಜ್ಜಿ ಇದ್ರಂಬ್ರ್. ಮುಟ್ಟಿ ಪ್ರಾರ್ಥನೆ ಮಾಡಿರೆ ಗುಣ ಆತ್ತಂಬ್ರ್."

"ಅಲ್ಲ್ ನಮ್ಮೂರವ್ರ್ ಯಾರಾರೂ ಇದ್ರಾ?"

"ಒಬ್ರೂ ಇಲ್ಲೆ."

"ಹಂಗಾರೆ ಹೋಪ" ಎಂದೆ.

ಮುಂಬಯಿಗೆ ಹೋಗೋಣವೆಂದರೆ ಅರ್ಧ ಮರವಂತೆ ಅಲ್ಲೇ ಕೂತಿದೆ. ಗುಟ್ಟು ಉಳಿಯಬೇಕಾದರೆ ಸಮುದ್ರವನ್ನೇ ದಾಟಬೇಕು. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನು ಬರೆದುಕೊಳ್ಳುವುದನ್ನೆಲ್ಲ ಬರೆದುಕೊಂಡು, ಹೊರಡುವಾಗ ಟೊಪ್ಪಿ ತೆಗೆದು, ತನ್ನ ವರ್ಗಾವಣೆ ಯಾವಾಗ ಆಗುತ್ತದೆ ಎಂದು ಕೇಳಿದ. ಬರುವ ಜೂನ್‌ನಲ್ಲಿ ಎಂದೆ. ಊರಿನವರಿಗೆ ಮಗನ ಹಡಗು ನೋಡಲು ಕೊಚ್ಚಿಗೆ ಹೋಗುತ್ತೇನೆ ಎಂದು ಹೇಳಿದೆ. ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು ಎಂದರೆ ಇದೇ.

ಹೊರಡುವ ಮೊದಲು ಒಂದು ಸಂಕ್ರಮಣದ ದರ್ಶನದಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪದ್ದುವಿನ ಪಕ್ಕದಲ್ಲೇ ಬುಟ್ಟಿ ಇಟ್ಟು ಮೀನು ಮಾರುವ ಸರೋಜ ಬಂದಿದ್ದಳು. ಗಂಡ ದೋಣಿ ಮಗುಚಿ ಹೋದ ಮೇಲೆ ಒಬ್ಬಳೇ ದುಡಿದು ಮನೆ ನಡೆಸಿದವಳು, ಗಟ್ಟಿಗಿತ್ತಿ. ಅವತ್ತು ಅವಳ ದನಿಯೇ ಬೇರೆಯಾಗಿತ್ತು.

"ಸ್ವಾಮಿ, ಎದಿಯಂಗೆ ಒಂದ್ ಗಂಟ್ ಆಯಿತ್. ಸೂಜಿ ಹಾಕಿ ಪರೀಕ್ಷೆ ಮಾಡ್ಕ್ ಅಂತ್ರ್ ಡಾಕ್ಟ್ರ್. ನಂಗ್ ಹೆದ್ರಿಕಿ ಆತ್ತ್. ಹೋಪ್ದಾ, ಬೇಡ್ದಾ?"

ಅವಳು ಹೋಗಬೇಡ ಎಂಬ ಮಾತಿಗೇ ಕಾಯುತ್ತಿದ್ದಳು. ಮುಖದಲ್ಲಿ ಅದು ಬರೆದಿಟ್ಟಂತಿತ್ತು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಸಿಂಗಾರ ಎರಡು ಸಲ ಜಾರಿತ್ತು. ಒಮ್ಮೆ ಇದು ಮುಗಿದು ಒಳಗೆ ಹೋಗಿ ಕೂತರೆ ಸಾಕಾಗಿತ್ತು. "ಮೂರು ಸಂಕ್ರಮಣ ಕಾಯಿ. ಕುಂಕುಮ ಹಚ್ಚು. ನಾನಿದ್ದೇನೆ" ಎಂದೆ. ಯಾರು ಇದ್ದದ್ದು? ಸರೋಜ ಸಮಾಧಾನದಿಂದ ಅಡ್ಡಬಿದ್ದು ಹೋದಳು.

ಅದಾಗಿ ಒಂದೂವರೆ ತಿಂಗಳಿಗೆ ನಾನು, ರತನ್ ಹೊರಟೆವು. ಎರಡು ವಿಮಾನ, ಒಂದು ರಾತ್ರಿಯ ಬಸ್ಸು. ಕೊನೆಗೆ ಇಳಿದದ್ದು ಎಂಥ ಊರಿನಲ್ಲಿ! ಅದೇ ತೆಂಗು, ಅದೇ ಉಪ್ಪುಗಾಳಿ, ರಸ್ತೆಯ ಬದಿಯಲ್ಲಿ ಒಣಗಲು ಹಾಕಿದ ಅದೇ ಮೀನು. ಇಷ್ಟು ದೂರ ಬಂದು ನಾವುಂದದಲ್ಲೇ ಇಳಿದೆವಾ ಅನ್ನಿಸಿತು. ರೋಯೆಲ್ ನಮ್ಮನ್ನು ತಗಡಿನ ಮಾಡಿನ ಒಂದು ಮನೆಗೆ ಕರೆದುಕೊಂಡು ಹೋದ. ಜಗುಲಿಯ ಬೆಂಚಿನಲ್ಲಿ ಜನ ಕೂತಿದ್ದರು. ಗೋಡೆಯಲ್ಲಿ ಏಸುವಿನ ಪಟ, ಅದಕ್ಕೊಂದು ಹೂವಿನ ಮಾಲೆ. ಅಜ್ಜಿಯ ಹೆಸರು ಲೋಲಾ ನೇನಾ. ಲೋಲಾ ಅಂದರೆ ಅವರ ಮಾತಿನಲ್ಲಿ ಅಜ್ಜಿಯೇ. ನನಗೊಂದು ಚೀಟಿ ಕೊಟ್ಟರು. ಹದಿನೇಳನೇ ನಂಬರು. ಯಾವ ಕ್ಯೂಗೆ ಹೆದರಿ ಕುಂದಾಪುರ ತಪ್ಪಿಸಿದ್ದೆನೋ ಅದೇ ಕ್ಯೂನಲ್ಲಿ ಕೂತೆ.

ಕೂತು ಅಜ್ಜಿಯ ಕೈಚಳಕ ನೋಡುತ್ತಿದ್ದೆ. ಕಸುಬಿನವನ ಕಣ್ಣಲ್ಲವೇ? ಬಂದವರ ಚಪ್ಪಲಿ ನೋಡುವುದು, ಜೊತೆಗೆ ಬಂದವರ ಮುಖ ನೋಡುವುದು, ಮಾತಿಗೆ ಮೊದಲು ಸ್ವಲ್ಪ ಸುಮ್ಮನಿರುವುದು. ಎಲ್ಲ ನನ್ನದೇ ಪಟ್ಟು ಎಂದು ಒಳಗೊಳಗೇ ನಗು ಬಂತು. ಆಗ ಹದಿನಾರನೇ ನಂಬರಿನ ಹೆಂಗಸು ಹೋಗಿ ಎದುರು ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡು ಏನೋ ಪಿಸುಗುಟ್ಟಿದಳು. ಅಜ್ಜಿ ಅವಳನ್ನು ಮುಟ್ಟಲಿಲ್ಲ. ಜೋರಾಗಿ ಬೈದಳು. ಆ ಹೆಂಗಸು ಅತ್ತಳು. ಅಜ್ಜಿ ಎದ್ದು ಮೊಮ್ಮಗಳನ್ನು ಕರೆದು, ಹೊರಗೆ ನಿಂತಿದ್ದ ರಿಕ್ಷಾದಲ್ಲಿ ಇಬ್ಬರನ್ನೂ ಕೂರಿಸಿ ಕಳಿಸಿಯೇ ಒಳಗೆ ಬಂದಳು.

"ಎಂತ ಅಂಬ್ರ್?" ಎಂದು ರತನ್‌ನನ್ನು ಕೇಳಿದೆ. ಅವನು ರೋಯೆಲ್‌ನನ್ನು ಕೇಳಿ ಹೇಳಿದ.

"ಆ ಹೆಂಗ್ಸಿನ್ ಎದಿಯಂಗೆ ಗಂಟ್ ಇತ್ತಂಬ್ರ್. ಮೊದ್ಲ್ ಆಸ್ಪತ್ರೆ, ಮತ್ತೆ ನಾನ್ ಅಂದ್ರಂಬ್ರ್ ಅಜ್ಜಿ."

ನನ್ನ ನಗು ಅಲ್ಲಿಗೇ ನಿಂತಿತು.

ನನ್ನ ಸರದಿ ಬಂತು. ಅಜ್ಜಿ ನನ್ನ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿದಳು. ಆಮೇಲೆ ತಲೆಯಾಡಿಸಿ ಹೇಳಿದ್ದನ್ನು ರತನ್ ಕನ್ನಡಕ್ಕೆ ತಂದ: ಇದು ಅವಳ ಕೈಗೆ ಬಗ್ಗುವ ಸೀಕಲ್ಲ, ನರದ್ದು. ಅವಳ ತಮ್ಮನಿಗೂ ಇದೆ. ಅವನು ದಿನಾ ಮಾತ್ರೆ ತಿನ್ನುತ್ತಾನೆ, ಈಗಲೂ ದೋಣಿಗೆ ಹೋಗುತ್ತಾನೆ. ಊರಿಗೆ ಹೋಗಿ ಡಾಕ್ಟರಿಗೆ ತೋರಿಸು, ಪ್ರಾರ್ಥನೆ ನಾನು ಮಾಡುತ್ತೇನೆ ಎಂದಳಂತೆ.

ಪದ್ದು ಅಡುಗೆಮನೆಯಲ್ಲಿ ನಿಂತು ಹೇಳಿದ್ದ ಮಾತನ್ನೇ ಕೇಳಲು ಎರಡು ವಿಮಾನ ಹತ್ತಿದ್ದೆ.

ಅಷ್ಟಕ್ಕೇ ಎದ್ದುಬಂದಿದ್ದರೆ ಆಗುತ್ತಿತ್ತು. ರತನ್ ತನ್ನ ಅಪ್ಪನೂ ಊರಿನಲ್ಲಿ ಇದೇ ಕೆಲಸ ಮಾಡುವವನು ಎಂದು ಹೆಮ್ಮೆಯಿಂದ ಹೇಳಿಬಿಟ್ಟ. ಅಜ್ಜಿಗೆ ಹಿಡಿಸಲಾರದ ಸಂತೋಷ. ಸ್ಟೂಲು ತರಿಸಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಏನೋ ಕೇಳಿದಳು.

"ಅಪ್ಪಯ್ಯ, ಆಗ ಬಂದ್ರಲೆ, ಅಂಥ ಹೆಂಗ್ಸ್ರ್ ನಿಮ್ ಹತ್ರ ಬಂದ್ರೆ ನೀವ್ ಎಂತ ಮಾಡ್ತ್ರಿ ಅಂದ್ ಕೇಂತ್ರ್."

ಅವಳು ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು.

"ಆಸ್ಪತ್ರಿಗ್ ಕಳ್ಸ್ತೆ ಅಂದ್ ಹೇಳ್" ಎಂದೆ.

ಅಜ್ಜಿ ನನ್ನ ಕೆನ್ನೆ ತಟ್ಟಿ, ಒಳ್ಳೆಯವನು ಎಂದಳಂತೆ. ಭಾಷೆ ಬಾರದ ಊರಿನಲ್ಲಿ, ಮತ್ತೆಂದೂ ಕಾಣದ ಮುದುಕಿಯ ಎದುರೂ ನನಗೆ ನಿಜ ಹೇಳಲು ಆಗಲಿಲ್ಲ. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ವಿಮಾನದಲ್ಲಿ ರತನ್ ಊಟ ಮಾಡು ಎಂದರೂ ಮಾಡಲಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ನಾವುಂದದಲ್ಲಿರುವ ಸರೋಜಳ ಮನೆಗೆ ಹೋದೆ. ಸರೋಜ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಸೊರಗಿದ್ದಳು.

"ಹ್ವಾಯ್ ಬಚ್ಚಣ್ಣ, ಕೊಚ್ಚಿಂದ ಯಾವತ್ತ್ ಬಂದ್ರಿ?" ಎಂದವಳು ನನ್ನ ಕೈ ನೋಡಿ ಮಾತು ನಿಲ್ಲಿಸಿದಳು. ಅದು ಅವತ್ತು ಭುಜದವರೆಗೂ ನಡುಗುತ್ತಿತ್ತು. ಅವಳು ಓಡಿಹೋಗಿ ಮಣೆ ತಂದಳು, ತಂಬಿಗೆಯಲ್ಲಿ ನೀರು ತಂದಳು, ಸೆರಗು ಹೊದ್ದು ಕೈ ಮುಗಿದು ನಿಂತಳು. "ಸ್ವಾಮಿ, ಮನಿಗೇ ಬಂದ್ರ್ಯಾ?"

"ಸರೋಜ, ಸ್ವಾಮಿ ಅಲ್ಲ, ನಾನ್. ಬಚ್ಚ. ಇದ್ ಸೀಕ್."

ಅವಳಿಗೆ ಅರ್ಥವಾಗಲಿಲ್ಲ. "ಊರವ್ರ್ ಸೀಕೆಲ್ಲ ನೀವ್ ಮೈಮೇಲ್ ಹಾಕ್ಕಂಡ್ರೆ ಹಿಂಗೇ ಆಪ್ದ್" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. ನನಗೆ ಅವಳ ಮೇಲೇ ಸಿಟ್ಟು ಬಂತು. ತಪ್ಪು ನನ್ನದಾಗಿದ್ದಾಗ ನಂಬುವವರ ಮೇಲೆ ಸಿಟ್ಟು ಬರುತ್ತದೆ.

"ಕೇಣ್ ಇಲ್ಲ್. ಒಂದೂವರೆ ವರ್ಷ ಆಯ್ತ್ ದೈವ ಬರ್ಲಿಲ್ಲ. ಕೊಚ್ಚಿಗೂ ಹೋಯ್ಲಿಲ್ಲ. ಇದಕ್ಕ್ ಮದ್ದ್ ಮಾಡ್ಸುಕೆ ಫಿಲಿಪೀನ್ಸಿಗ್ ಹೋದ್ದ್, ಅಲ್ಲೂ ಡಾಕ್ಟ್ರಿಗ್ ತೋರ್ಸ್ ಅಂದ್ರ್."

ಸರೋಜ ನಿಧಾನವಾಗಿ ಸೆರಗನ್ನು ತಲೆಯಿಂದ ಇಳಿಸಿದಳು.

"ಹಂಗಾರೆ, ಅವತ್ತ್ ಮೂರ್ ಸಂಕ್ರಮಣ ಕಾಯಿ ಅಂದದ್ದ್ ಯಾರ್?"

"ನಾನೇ."

ಬೈಯುತ್ತಾಳೆ ಎಂದು ಕಾದೆ. ಮಾರ್ಕೆಟ್ಟಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಅವಳು ತಂಬಿಗೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, "ಗಂಟ್ ದೊಡ್ಡ ಆಯಿತ್. ಕಂಕ್ಳಂಗೂ ಒಂದ್ ಬಂದಿತ್. ನಾಳಿಕ್ ಪದ್ದಕ್ಕನ್ ಕರ್ಕಂಡ್ ಬನ್ನಿ, ಹೋಪ" ಎಂದು ಒಳಗೆ ಹೋದಳು.

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿದರು, ಫೋಟೋ ತೆಗೆದರು, ವಾರ ಬಿಟ್ಟು ಬರಲು ಹೇಳಿದರು. ವಾರದ ಮೇಲೆ ಪದ್ದುವಿಗೆ ಜ್ವರ. ನಾನೊಬ್ಬನೇ ಸರೋಜಳ ಜೊತೆಗೆ ಹೋದೆ. ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ರಿಪೋರ್ಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಕ್ಯಾನ್ಸರ್ ಅಮ್ಮಾ. ಪಕ್ಕಕ್ಕೂ ಹರಡಿದೆ. ಮೊದಲು ಮದ್ದು ಕೊಡಬೇಕು, ಆಮೇಲೆ ಆಪರೇಷನ್. ಪ್ರಯತ್ನ ಮಾಡೋಣ. ಎರಡು ತಿಂಗಳ ಹಿಂದೆಯೇ ನಿಮಗೆ ಪರೀಕ್ಷೆಗೆ ಬರೆದುಕೊಟ್ಟಿದ್ದಾರಲ್ಲ, ಯಾಕೆ ಬರಲಿಲ್ಲ?"

ಸರೋಜ ನನ್ನ ಕಡೆ ತಿರುಗಲೂ ಇಲ್ಲ.

"ಮೀನ್ ಮಸ್ತ್ ಬತ್ತಿದ್ದಿತ್ತಮ್ಮ. ಪುರ್ಸೊತ್ತ್ ಆಯ್ಲಿಲ್ಲ."

"ಜೀವಕ್ಕಿಂತ ಮೀನು ಹೆಚ್ಚಾ ನಿಮಗೆ? ಇಷ್ಟು ತಿಳಿವಳಿಕೆ ಬೇಡವಾ?"

"ತಪ್ಪಾಯ್ತಮ್ಮ" ಎಂದು ತಲೆ ತಗ್ಗಿಸಿದಳು. ಬುಟ್ಟಿ ಹೊತ್ತೂ ಯಾರಿಗೂ ತಗ್ಗದ ತಲೆ ಅದು.

ಆಗ ಡಾಕ್ಟರ ಕಣ್ಣು ನನ್ನ ತೊಡೆಯ ಮೇಲೆ ಕುಣಿಯುತ್ತಿದ್ದ ಕೈ ಮೇಲೆ ಬಿತ್ತು. "ನಿಮ್ಮ ಕೈ ಹೀಗೆ ಎಷ್ಟು ದಿನದಿಂದ? ಯಾರಿಗಾದರೂ ತೋರಿಸಿದ್ದೀರಾ?"

ನಾನು ಬಾಯಿ ತೆರೆಯುವ ಮೊದಲೇ ಸರೋಜ ಹೇಳಿದಳು, "ಅವ್ರ್ ಪಾತ್ರಿಗಳಮ್ಮ. ಅದ್ ದೈವದ್ದ್."

ಎಲ್ಲ ಗೊತ್ತಿದ್ದೂ ಹೇಳಿದಳು. ತನ್ನ ಎದೆಯ ಗಂಟನ್ನು ಬೆಳೆಸಿದವನ ಮಾನ ಕಾಯಲು, ಬೈಸಿಕೊಂಡು, ಸುಳ್ಳು ಹೇಳಿದಳು. ಇಪ್ಪತ್ತಾರು ವರ್ಷ ಜನ ನನ್ನ ಕಾಲಿಗೆ ಬಿದ್ದಿದ್ದಾರೆ. ಅವತ್ತು ಅವಳ ಕಾಲು ಹಿಡಿಯಬೇಕು ಅನ್ನಿಸಿತು.

"ದೈವದ್ದಲ್ಲ ಅಮ್ಮ, ಸೀಕ್" ಎಂದೆ. "ಇವ್ಳಿಗ್ ಪುರ್ಸೊತ್ತ್ ಇದ್ದಿತ್ತ್. ಆಸ್ಪತ್ರಿಗ್ ಹೋಪ್ದ್ ಬೇಡ, ಕಾಯಿ ಅಂದ್ ಹೇಳ್ದವ ನಾನ್. ಬೈದ್ರೆ ನಂಗ್ ಬೈಯಿನಿ."

ಡಾಕ್ಟರು ಬೈಯಲಿಲ್ಲ. ಸರೋಜಳ ಕಡೆ ತಿರುಗಿ, ಸೋಮವಾರ ಬಂದು ಅಡ್ಮಿಟ್ ಆಗಲು ಹೇಳಿದಳು. ನನಗೂ ಒಂದು ಚೀಟಿ ಬರೆದು, ನರದ ವಿಭಾಗ ಎರಡನೇ ಮಹಡಿಯಲ್ಲಿದೆ ಎಂದಳು.

ಹೊರಗೆ ಬಂದ ಮೇಲೆ ಸರೋಜ ನಡೆಯುತ್ತಿದ್ದವಳು ನಿಂತಳು. ಮುಖ ಕೆಂಪಾಗಿತ್ತು.

"ಅಲ್ಲ್ ಯಾಕ್ ಹೇಳ್ದ್ರಿ? ನಿಮ್ಮ್ ಮರ್ಯಾದಿ ಉಳ್ಸುವ ಅಂದ್ ನಾನ್ ಕಷ್ಟಪಟ್ಟ್ ಹೇಳಿರೆ!"

"ನಿಜ ಹೇಳ್ಕಿತ್ತ್ ಸರೋಜ."

"ಹೇಳ್ಕಿತ್ತ್" ಎಂದಳು. "ನಂಗೆ. ಅವತ್ತ್."

ಅವಳು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ನಾನು ಅವಳ ಹಿಂದೆಯೇ ಹೋದೆ, ಜೊತೆಗೆ ನಡೆಯಲು ಮುಖವಿರಲಿಲ್ಲ.