ಕಡಲಂಚಿಗೆ ಎಳೆದ ಮನೆ

ಚಿಲೋಯೆ ದ್ವೀಪದ ಆ ಹಳ್ಳಿಯಲ್ಲಿ ಯಾರದಾದರೂ ಮನೆ ಎಳೆಯಬೇಕೆಂದರೆ ಬೆಲರ್ಮೀನೋ ಚಿಗ್ವಾಯ್‌ನ ಎತ್ತುಗಳೇ ಮುಂದಿರಬೇಕು. ಮನೆಯವರು ಬಾಗಿಲು ಬಾಗಿಲಿಗೂ ಹೋಗಿ ಕೇಳಿಕೊಳ್ಳುತ್ತಾರೆ. ಮರದ ಮನೆಯಡಿಗೆ ದಿಮ್ಮಿ ತೂರಿಸಿ, ಹಗ್ಗ ಬಿಗಿದು, ಊರಿನ ಎತ್ತುಗಳೆಲ್ಲ ಸೇರಿ ಇಡೀ ಮನೆಯನ್ನೇ ಎಳೆದೊಯ್ಯುತ್ತವೆ. ಕೂಲಿಯ ಮಾತೇ ಇಲ್ಲ. ಎಳೆದವರಿಗೆ ಹೊಟ್ಟೆ ತುಂಬ ಊಟ, ಸೇಬಿನ ಹೆಂಡ. ನಾಳೆ ಅವರ ಮನೆಗೆ ನಿಮ್ಮ ಹೆಗಲು. ನಮ್ಮ ಮುಯ್ಯಾಳಿನ ಹಾಗೆಯೇ. ಅಲ್ಲಿ ಅದಕ್ಕೆ ಮಿಂಗಾ ಎನ್ನುತ್ತಾರೆ. ಬೆಲರ್ಮೀನೋ ನೊಗ ಹೂಡಿದನೆಂದರೆ ಉಳಿದವರು ಕರೆಯದೆಯೇ ಬರುತ್ತಿದ್ದರು.

ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಅವರ ಕತೆ ಕೇಳಿ ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಒಬ್ಬ ಜಿಪುಣನ ಮನೆ ಅವನ ದುರಾಸೆಗೆ ರೋಸಿಹೋಗಿ, ಊರವರ ಎತ್ತುಗಳಿಗೆ ಹಗ್ಗ ಕೊಟ್ಟು ಎದ್ದು ನಡೆದೇಬಿಡುತ್ತದಂತೆ, ಹಸಿದವರಿಗೆ ರೊಟ್ಟಿ ಕೊಡುವ ಯಜಮಾನನನ್ನು ಹುಡುಕಿಕೊಂಡು! ಆ ಮನೆಯ ಪಾತ್ರಕ್ಕೆ ಅವರು ಆರಿಸಿದ್ದು ದಿಬ್ಬದ ಮೇಲಿದ್ದ ಒತೀಲಿಯಾ ರೆಮೋಲ್ಕೊಯ್‌ಳ ಹಳದಿ ಮನೆ. ಒತೀಲಿಯಾ ಕಂಬಳಿ ನೇಯ್ದು ಬದುಕುವ ಒಂಟಿ ಹೆಂಗಸು. ಸೂರ್ಯ ಮುಳುಗುವ ಹೊತ್ತಿಗೆ ಮನೆ ಕಡಲಂಚಿನಲ್ಲಿ ನಿಂತಿರಬೇಕು ಎಂದರು.

"ಎಳ್ಕೊಂಡು ಹೋಗ್ರಪ್ಪ, ಮತ್ತೆ ತಂದಿಡ್ತೀರಲ್ಲ" ಎಂದಳು ಪುಣ್ಯಾತ್ಗಿತ್ತಿ. ಕಾಗದವಿಲ್ಲ, ಪತ್ರವಿಲ್ಲ. ಮಿಂಗಾಕ್ಕೆ ಯಾರಾದರೂ ಕಾಗದ ಕೇಳುತ್ತಾರೆಯೆ? ಎಳೆಯಲು ಬಂದವರಿಗೆಲ್ಲ ಅವಳೇ ಗುಂಡಿ ತೋಡಿಸಿ, ಕಾದ ಕಲ್ಲುಗಳ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಬೇಯಿಸಿ ಬಡಿಸಿದಳು. ಸಿನಿಮಾದವರು ಎಳೆದವರಿಗೆಲ್ಲ ಕೂಲಿ ಹಂಚಿದರು. ಊರಿನ ಜನ ಊಟವನ್ನೂ ಉಂಡರು, ಕೂಲಿಯನ್ನೂ ಜೇಬಿಗಿಳಿಸಿದರು. ಬೆಲರ್ಮೀನೋನಿಗೆ ಒಂದು ಪಾತ್ರವೂ ಸಿಕ್ಕಿತು, ಎಲ್ಲರಿಗಿಂತ ಹೆಚ್ಚು ಕೂಲಿಯೂ ಸಿಕ್ಕಿತು.

ಹೊರಡುವಾಗ ನಿರ್ದೇಶಕ ಎಲ್ಲರನ್ನೂ ತಬ್ಬಿಕೊಂಡ. "ವಾಪಸ್ ಎಳೆಯೋಕೆ ನೀವೇ ಇದ್ದೀರಲ್ಲ, ಎಂಥ ಚೆಂದದ ಪದ್ಧತಿ ನಿಮ್ಮದು!" ಎಂದು ದೋಣಿ ಹತ್ತಿದ. ವಾಪಸ್ ಎಳೆಯಲು ಕಂಪನಿ ಕೂಲಿ ಕಳಿಸುತ್ತದೆ ಎಂದು ಊರು ಕಾದಿತು. ಅಲ್ಲಿಂದ ಬಿಡಿಗಾಸೂ ಬರಲಿಲ್ಲ. ಮನೆ ಕಡಲಂಚಿನಲ್ಲೇ ಉಳಿಯಿತು, ಒತೀಲಿಯಾಳೂ ಅದರಲ್ಲೇ.

ಅಲ್ಲಿ ಚಳಿಗಾಲ ಬರುವುದು ಮೇ ತಿಂಗಳಲ್ಲಿ. ಗಾಳಿ ಶುರುವಾಯಿತು. ಒಂದೊಂದು ಭರತಕ್ಕೂ ದಡ ಒಂದೊಂದು ಮೊಳ ಕುಸಿಯತೊಡಗಿತು. ಒತೀಲಿಯಾ ನೆನೆದ ಶಾಲು ಹೊದ್ದು ಬೆಲರ್ಮೀನೋನ ಅಡುಗೆಮನೆಗೆ ಬಂದಳು.

"ತಮ್ಮಾ, ನನ್ನ ಮನೆ ಮೇಲಕ್ಕೆ ಎಳೆದುಕೊಡು. ಅಲ್ಲಿ ಕಟ್ಟಿದ್ದ ಹಿತ್ತಿಲ ಬೇಲಿ ಆಗಲೇ ನೀರಿಗೆ ಹೋಯ್ತು."

"ನಂಗೇನಕ್ಕ, ನಾನು ಯಾವಾಗಂದ್ರೆ ಆವಾಗ ತಯಾರು. ಉಳಿದವರು ಬರಬೇಕಲ್ಲ?"

"ನೀನು ಹೊರಟ್ರೆ ಅವ್ರೂ ಬರ್ತಾರೆ ಕಣೋ."

ಒಲೆಯ ಪಕ್ಕದಿಂದ ಅವನ ಹೆಂಡತಿ ರೊಸಾವ್ರಾ ಬಾಯಿ ಹಾಕಿದಳು. "ಸಿನಿಮಾದವರಿಗೆ ಎಳೆದಾಗ ಕೂಲಿ, ನಿಮಗೆ ಎಳೆದ್ರೆ ಪುಕ್ಕಟೆಯಾ ಅಕ್ಕ? ನಮ್ಮೆತ್ತು ಗಾಳಿ ಕುಡಿದು ಬದುಕ್ತಾವಾ?"

ಬೆಲರ್ಮೀನೋನಿಗೆ ನಾಚಿಕೆಯಾಯಿತು. ಆದರೆ ಹೆಂಡತಿಯನ್ನು ಗದರಲಿಲ್ಲ. ಒಮ್ಮೆ ಕೂಲಿಯ ರುಚಿ ಹತ್ತಿದ ನಾಲಗೆ, ಏನು ಮಾಡೋಣ? "ಭಾನುವಾರ ನೋಡೋಣ ಅಕ್ಕ, ಎಲ್ಲರನ್ನೂ ಕೇಳ್ತೀನಿ" ಎಂದ. ಯಾರನ್ನೂ ಕೇಳಲಿಲ್ಲ. ಹೆಂಡದಂಗಡಿಯಲ್ಲಿ ಎತ್ತಿನವರೆಲ್ಲ ಅವನ ಮುಖ ನೋಡುತ್ತಿದ್ದರು. ಅವನು ಲೋಟ ನೋಡುತ್ತ ಕೂತ.

ಶುಕ್ರವಾರ ಬೆಳಗಿನ ಭರತಕ್ಕೆ ಮನೆ ಹೋಯಿತು. ಒತೀಲಿಯಾ ಮಗ್ಗ ಹೊತ್ತುಕೊಂಡು ಹೊರಗೆ ಬಂದಿದ್ದಳು, ಅಷ್ಟೇ ಉಳಿದದ್ದು. ಸುದ್ದಿ ಕೇಳಿ ಬೆಲರ್ಮೀನೋ ಎತ್ತು ಹೊಡೆದುಕೊಂಡು ಓಡಿಬಂದ. ಹಿಂದೆಯೇ ಹನ್ನೊಂದು ಜೊತೆ ಎತ್ತುಗಳೂ ಬಂದವು. ಎಳೆಯಲು ಅಲ್ಲೇನಿತ್ತು? ಹಳದಿ ಹಲಗೆಗಳು ನೊರೆಯಲ್ಲಿ ತೇಲುತ್ತಿದ್ದವು.

ಆಗಸ್ಟಿನಲ್ಲಿ ಕಂಪನಿಯವರು ಊರಿಗೆ ಸಿನಿಮಾ ತೋರಿಸಲು ಒಬ್ಬನನ್ನು ಕಳಿಸಿದರು. ಮಧ್ಯಾಹ್ನವೇ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಆ ಕಂಬಳಿಗಳನ್ನು ನೇಯ್ದವಳು ಶಾಲೆಯ ಉಗ್ರಾಣದಲ್ಲಿ ವಾಸವಿದ್ದಳು. ಬಂದು ಮುಂದಿನ ಬೆಂಚಿನಲ್ಲಿ ಕೂತಳು.

ತೆರೆಯ ಮೇಲೆ ಹಳದಿ ಮನೆ ಕುಲುಕುತ್ತ ದಿಬ್ಬ ಇಳಿಯಿತು. ಮಕ್ಕಳು ಕೇಕೆ ಹಾಕಿದರು. ಮನೆಯನ್ನು ವಾಪಸ್ ಎಳೆದುಕೊಡಿ ಎಂದು ಜಿಪುಣ ಅಳುತ್ತ ಹಣದ ಚೀಲ ಚಾಚಿದಾಗ, ತೆರೆಯ ಮೇಲಿನ ಬೆಲರ್ಮೀನೋ ಎದೆಯುಬ್ಬಿಸಿ ಹೇಳಿದ: "ನೆರೆಯವರ ಮನೆ ಎಳೆಯೋಕೆ ಕೂಲಿಯಾ? ಥೂ!"

"ಹೇಳೋದು ಶಾಸ್ತ್ರ, ಹಾಕೋದು ಗಾಳ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಯಾರೂ ನಗಲಿಲ್ಲ. ಅವರೇನು ಸಾಚಾಗಳೆ? ಬೆಲರ್ಮೀನೋನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಸಿನಿಮಾ ಮುಗಿದ ಮೇಲೆ ಒತೀಲಿಯಾ ಎದ್ದು ಯಂತ್ರದವನ ಬಳಿ ಹೋದಳು. "ಇದನ್ನ ಹಿಂದುಮುಂದಾಗಿ ಓಡಿಸೋಕೆ ಆಗುತ್ತಾ, ಮಗಾ?"

"ಓಹೋ, ಆಗುತ್ತೆ" ಎಂದು ಅವನು ಗುಂಡಿ ತಿರುಗಿಸಿದ.

ಕಡಲಂಚಿನಿಂದ ಮನೆ ಮೆಲ್ಲಗೆ ಹಿಂದೆ ಸರಿಯಿತು. ಎತ್ತುಗಳು ಹಿಮ್ಮುಖವಾಗಿ ಹೆಜ್ಜೆಯಿಟ್ಟವು. ಹಗ್ಗ ಹಿಡಿದ ಬೆಲರ್ಮೀನೋ ಹಿಂದೆ ಹಿಂದೆ ನಡೆಯುತ್ತ ದಿಬ್ಬ ಹತ್ತಿದ. ಮನೆ ತನ್ನ ಎರಡು ಸೇಬಿನ ಮರಗಳ ನಡುವೆ ಹೋಗಿ ಕೂತಿತು.

"ಅಲ್ಲೇ ನಿಲ್ಲಿಸಪ್ಪ."

"ನಿಲ್ಲಿಸಿದ್ರೆ ದೀಪದ ಶಾಖಕ್ಕೆ ರೀಲು ಸುಟ್ಟುಹೋಗುತ್ತಮ್ಮ" ಎಂದ ಅವನು. ರೀಲು ಓಡಿ ಮುಗಿಯಿತು, ತೆರೆ ಬಿಳಿಯಾಯಿತು.

ಒತೀಲಿಯಾ ಬೆಲರ್ಮೀನೋನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೋಡು ತಮ್ಮಾ, ಇಷ್ಟೇ ಹೊತ್ತಿನ ಕೆಲಸ ಇತ್ತು."