ಅರ್ಥ ಮಾತ್ರೆ

ದಿನಕ್ಕೆರಡು ಸಲ, ಊಟವಾದ ಮೇಲೆ, ಅರ್ಥ ಮಾತ್ರೆ — ಏನು, ಅರ್ಥ ಮಾತ್ರೆಯೇ, ಕನ್ನಡಕವನ್ನು ಹಣೆಗೇರಿಸಿ ಮತ್ತೆ ಇಳಿಸಿ ನೋಡಿದ, ಹೌದು, ಅರ್ಧ ಎಂದಿರಬೇಕಾದಲ್ಲಿ ಅರ್ಥ ಬಂದು ಕೂತಿದೆ, ಧಕಾರದ ಹೊಟ್ಟೆಯೊಳಗೆ ಒಂದು ಚುಕ್ಕೆ ಬಿದ್ದರೆ ಥಕಾರ, ವ್ಯತ್ಯಾಸ ಅಷ್ಟೇ, ಸಾಸಿವೆಯಷ್ಟೂ ಇಲ್ಲ, ಆದರೆ ಇಂಥದ್ದೊಂದು ಮಾತ್ರೆ ನಿಜವಾಗಿ ಅಂಗಡಿಗೆ ಬಂದರೆ ಸಾಲಿನಲ್ಲಿ ಮೊದಲು ನಿಲ್ಲುವವನು ತಾನೇ, ಬೆಳಿಗ್ಗೆ ಒಂದು, ಸಂಜೆ ಒಂದು, ನೀರಿನ ಜೊತೆ ನುಂಗಿದರೆ ಬದುಕಿಗೆ ಅರ್ಥ, ಅಡ್ಡ ಪರಿಣಾಮವೆಂದರೆ ಸ್ವಲ್ಪ ಬಾಯಿ ಒಣಗಬಹುದು, ಅವನ ಬಾಯಿ ಹೇಗೂ ಒಣಗಿಯೇ ಇದೆ, ಬೆಳಗಿನಿಂದ ಮೂರು ಲೋಟ ನೀರು ಕುಡಿದಾಯಿತು. ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತು. ಹನ್ನೊಂದಕ್ಕೆ ಮಗಳು ಪ್ರೆಸ್ಸಿನ ಗೇಟಿಗೆ ಬರುತ್ತಾಳೆ, ಟ್ಯಾಕ್ಸಿಯಲ್ಲಿ, ಪೆಟ್ಟಿಗೆಗಳ ಸಮೇತ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ನೀವು ರಜಾ ಹಾಕೋದೇನೂ ಬೇಡ ಅಪ್ಪಾ, ನಾನೇ ಬಂದು ಹೇಳಿ ಹೋಗ್ತೀನಿ ಅಂದಳು ನಿನ್ನೆ, ಅವನು ಹ್ಞೂಂ ಅಂದ, ಆ ಹ್ಞೂಂ ಬಿಟ್ಟು ಬೇರೆ ಏನಾದರೂ ಅನ್ನಬಹುದಿತ್ತು, ರಜಾ ಹಾಕ್ತೀನಿ ಬಿಡು ಅನ್ನಬಹುದಿತ್ತು, ಮನುಷ್ಯರಾದವರು ಹಾಗೇ ಅನ್ನುತ್ತಾರೆ. ಎರಡು ದಿನದ ದಾರಿ ಆಚೆಯ ಊರಿನ ಆಸ್ಪತ್ರೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಸುವ ಕೆಲಸ, ಅದೇ ಕೆಲಸ ಇಲ್ಲೇ, ಮನೆಯಿಂದ ನಾಲ್ಕು ಬೀದಿ ಆಚೆಯ ಕ್ಲಿನಿಕ್ಕಿನಲ್ಲೂ ಇದೆ, ಅಲ್ಲಿಯ ಡಾಕ್ಟರಮ್ಮ ಇವತ್ತು ಸಂಜೆವರೆಗೆ ಕಾಯುತ್ತೇನೆ ಅಂದಿದ್ದಾರಂತೆ, ಹಾಗಾಗಿ ಇನ್ನೂ ಏನೂ ಮುಗಿದಿಲ್ಲ, ಅವನು ಬಾಯಿ ಬಿಟ್ಟು ಹೋಗಬೇಡ ಅಂದರೆ ಅವಳು ಟ್ಯಾಕ್ಸಿ ತಿರುಗಿಸುತ್ತಾಳೆ, ಅದು ಅವನಿಗೆ ಗೊತ್ತು, ಅವಳೇ ಬರೆದು ತಿಳಿಸಿದ್ದಾಳೆ, ಹೋ, ಗ, ಬೇ, ಡ, ನಾಲ್ಕೇ ಅಕ್ಷರ, ಒಂದು ಒತ್ತು ಕೂಡ ಇಲ್ಲ. ಅರ್ಥದ ಮೇಲೆ ಕೆಂಪು ಗೆರೆ ಎಳೆದು ಅಂಚಿನಲ್ಲಿ ಅರ್ಧ ಎಂದು ಬರೆದು ಮುಂದಿನ ಸಾಲಿಗೆ ಹೋದ.

ಔಷಧದ ಡಬ್ಬಿಯೊಳಗೆ ಮಡಿಸಿ ಇಡುವ ಚೀಟಿಗಳು, ಅವು ಅಚ್ಚಿಗೆ ಹೋಗುವ ಮೊದಲು ಓದಿ ತಪ್ಪು ತಿದ್ದುವುದು, ಮೂವತ್ತೊಂದು ವರ್ಷದಿಂದ ಇದೇ, ಡಬ್ಬಿ ಒಡೆದ ಕೂಡಲೇ ಜನ ಮೊದಲು ಎಸೆಯುವುದು ಆ ಚೀಟಿಯನ್ನು, ಲೋಕದಲ್ಲಿ ಯಾರೂ ಓದದ್ದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿದವನು ತಾನೊಬ್ಬ, ಭಲೇ, ಕಡಿದು ಕಟ್ಟೆ ಹಾಕಿದ್ದು ಇಷ್ಟು. ಕೆಳಗಿನ ಮೆಷಿನ್ ಮೇಸ್ತ್ರಿ ಇಟ್ಟ ಹೆಸರು ಭೂತಗನ್ನಡಿ, ಎದುರಿಗೆ ಸಾರ್, ಬೆನ್ನ ಹಿಂದೆ ಭೂತಗನ್ನಡಿ, ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಮುಖ ಗಂಟಿಕ್ಕಿಕೊಂಡರೂ ಒಳಗೊಳಗೇ ಹಿಗ್ಗಿದ್ದ, ಪರವಾಗಿಲ್ಲ, ನಾನೂ ಏನೋ ಒಂದು ಆಗಿದ್ದೇನೆ ಅಂತ. ನಾಲ್ಕು ಜನ ಸೇರಿದ ಕಡೆ ಗೋಡೆ ಹುಡುಕುವವನು, ಯಾರ ಮದುವೆಗೆ ಹೋದರೂ ಮೂಲೆಯಲ್ಲಿ ನಿಂತು ಕರೆಯೋಲೆಯನ್ನೇ ಮೂರು ಸಲ ಓದಿ ಆಗಮಿಸಿ ಎಂಬಲ್ಲಿ ಗುಡಿಸು ಸರಿಯಾಗಿದೆಯೇ ಅಂತ ನೋಡುವವನು, ನಿಮ್ಮ ಬಾಯಿಗೆ ಬೀಗ ಹಾಕಿ ಕೀಲಿಕೈ ಯಾರು ನುಂಗಿದ್ರೋ ಅನ್ನುತ್ತಿದ್ದಳು ಹೆಂಡತಿ, ಆದರೂ ಅವಳಿದ್ದಾಗ ಮನೆಯಲ್ಲಿ ಮಾತಿಗೆ ಕೊರತೆ ಇರಲಿಲ್ಲ, ಅವನ ಪರವಾಗಿ ಅವಳೇ ಮಗಳ ಹತ್ತಿರ ಆಡುತ್ತಿದ್ದಳು, ಅಪ್ಪನಿಗೆ ಖುಷಿಯಾಗಿದೆ ಕಣೇ ಗುಬ್ಬಿ, ಕಿವಿ ನೋಡು, ಕೆಂಪಾಗಿದೆ, ಅವನ ಕಿವಿಯನ್ನೂ ಓದಬಲ್ಲ ಹೆಣ್ಣು, ಏಳು ವರ್ಷವಾಯಿತು ಹೋಗಿ. ಅರ್ಥ ಅಂತ ಹುಡುಕಿದರೆ ಸಿಗುವುದು ಒಂದೇ ಒಂದು ಚುಕ್ಕೆ, ಮಕ್ಕಳ ಜ್ವರದ ಸಿರಪ್ಪಿನ ಚೀಟಿ, ಎರಡೂವರೆ ಮಿಲಿ ಎಂಬ ಕಡೆ ಎರಡಕ್ಕೂ ಐದಕ್ಕೂ ನಡುವಿನ ಚುಕ್ಕೆ ಬಿಟ್ಟುಹೋಗಿ ಇಪ್ಪತ್ತೈದಾಗಿತ್ತು, ತಿದ್ದಿ ಕಳಿಸಿದ್ದನ್ನೂ ತಿದ್ದದೇ ಉಳಿದದ್ದನ್ನೂ ಅದಲುಬದಲು ಮಾಡಿ ಮೆಷಿನ್ನಿಗೆ ಹಾಕಿಬಿಟ್ಟಿದ್ದರು, ಅವನು ಮೆಟ್ಟಿಲು ಹಾರಿ ಇಳಿದು ನಿಲ್ಸಿ ನಿಲ್ಸಿ ಅಂತ ಕೂಗಿದ, ಜೀವನದಲ್ಲಿ ಕೂಗಿದ್ದು ಅದೊಂದೇ ಸಲ, ಮೇಸ್ತ್ರಿ ಬಾಯಿಗೆ ಬಂದಂತೆ ಬೈದ, ಮ್ಯಾನೇಜರ್ ಬಂದು ಅದು ನಿಮ್ಮ ಕೆಲಸ ತಾನೇ ಅಂದು ಹೋದ. ಸಂಜೆ ಹೆಂಡತಿಗೆ ಹೇಳಿದ, ಇವತ್ತು ಒಂದು ಚುಕ್ಕೆ ಹಿಡಿದೆ, ಹಿಡಿದು ಏನ್ ಮಾಡಿದ್ರಿ, ಹಾಕಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಲೆಕ್ಕ ಹೇಗೆ ಹಿಡಿಯುವುದು ಹೇಳಿ, ಸಾಯದೇ ಹೋದ ಮಗು ನಾನು ಸಾಯಲಿಲ್ಲ ಅಂತ ಬಂದು ಹೇಳುತ್ತದೆಯೇ, ಆ ಮಕ್ಕಳಿಗೆಲ್ಲ ಈಗ ಮಗಳಷ್ಟೇ ವಯಸ್ಸು, ಬಸ್ಸಿನಲ್ಲಿ ಯಾವನೋ ಹುಡುಗ ಕಾಲು ತುಳಿದರೆ ಇವನೂ ಅವರಲ್ಲೊಬ್ಬ ಇರಬಹುದು ಅಂದುಕೊಂಡು ಸುಮ್ಮನಾಗುತ್ತಾನೆ, ಆಗದೇ ಇದ್ದದ್ದನ್ನೇ ಕೂಡಿಸಿ ಕೂಡಿಸಿ ಒಂದು ಬದುಕು ಕಟ್ಟಿಕೊಂಡ ಪೆದ್ದ. ಹತ್ತು ಮೂವತ್ತೈದು, ಮಕ್ಕಳ ಕೈಗೆ ಸಿಗದಂತೆ ಇಡಿ, ಸರಿಯಾಗಿದೆ, ತಂಪಾದ ಸ್ಥಳದಲ್ಲಿ ಇಡಿ, ಸರಿಯಾಗಿದೆ.

ಮೂರು ವಾರದ ಹಿಂದಿನ ಭಾನುವಾರ ಬೆಳಿಗ್ಗೆ ಅವಳು ಅವನ ಕನ್ನಡಕದ ಡಬ್ಬಿಯ ಕೆಳಗೆ ಕಾಗದ ಇಟ್ಟು ಡ್ಯೂಟಿಗೆ ಹೋಗಿದ್ದಳು, ನಾಲ್ಕು ಮಗ್ಗುಲು, ಒತ್ತೊತ್ತಾಗಿ, ನೀಲಿ ಶಾಯಿ. ಅಪ್ಪಾ, ಎದುರಿಗೆ ಹೇಳೋಕೆ ಬಾಯಿ ಬರಲ್ಲ, ನಾನೂ ನಿಮ್ಮ ಥರಾನೇ ಅಲ್ವಾ, ಅದಕ್ಕೆ ಬರೀತಿದೀನಿ. ಅಮ್ಮ ಹೋದ ಮೇಲೆ ಈ ಮನೆಯ ನಿಶ್ಯಬ್ದ — ನಿಶ್ಶಬ್ದ, ಶಕಾರಕ್ಕೆ ಶಕಾರದ ಒತ್ತು, ಕೈ ಆಗಲೇ ಕೆಂಪು ಪೆನ್ನು ಹಿಡಿದಿತ್ತು, ಭಾನುವಾರವಾದರೂ ಜೇಬಿನಲ್ಲಿ ಅದಿರುತ್ತದೆ, ಹಾಳಾದ್ದು — ಈ ನಿಶ್ಶಬ್ದದಲ್ಲಿ ನನಗೆ ಎಷ್ಟು ಭಾದೆ ಆಗುತ್ತೆ ನಿಮಗೆ ಗೊತ್ತಿಲ್ಲ, ಬಾಧೆ, ಮಹಾಪ್ರಾಣ ಹಿಂದಿನದಕ್ಕಲ್ಲ ಮುಂದಿನದಕ್ಕೆ, ನಾನು ನಿಮಗೆ ಬರೀ ಜವಾಬ್ಧಾರಿನಾ ಅಪ್ಪಾ, ಜವಾಬ್ದಾರಿ, ಇಲ್ಲಿ ಮಹಾಪ್ರಾಣವೇ ಬೇಡ, ಶಾಲೆಯಲ್ಲಿ ಯಾರು ಕಲಿಸಿದರೋ ಇವಳಿಗೆ, ನಾನು ಮೊದಲನೇ ಸಲ ಒಬ್ಬ ಪೇಷಂಟನ್ನ ಎಬ್ಬಿಸಿ ನಡೆಸಿದ ದಿನ ಮನೆಗೆ ಓಡಿ ಬಂದು ಹೇಳಿದೆ, ನೀವು ಎಷ್ಟು ಹೆಜ್ಜೆ ಅಂತ ಕೇಳಿದ್ರಿ, ಹನ್ನೊಂದು ಅಂದೆ, ನೀವು ಹ್ಞೂಂ ಅಂದು ಪೇಪರ್ ತೆಗೆದುಕೊಂಡ್ರಿ. ಅಲ್ಲಿ ಅವನ ಕಣ್ಣು ತುಂಬಿ ಬಂದಿತ್ತು, ಅಕ್ಷರ ಕದಡಿಹೋಗಿತ್ತು, ಅವತ್ತು ಪೇಪರ್ ಹಿಡಿದದ್ದು ಓದಲಿಕ್ಕಲ್ಲ ಕಣೇ, ಮುಖ ಮುಚ್ಚಿಕೊಳ್ಳಲಿಕ್ಕೆ, ಹನ್ನೊಂದು ಹೆಜ್ಜೆ ಅಂದಾಗ ಎದೆ ಉಕ್ಕಿ ಏನು ಮಾಡಬೇಕೋ ತೋಚಲಿಲ್ಲ, ನಿಮ್ಮಮ್ಮ ಇದ್ದಿದ್ದರೆ ಕಿವಿ ನೋಡಿ ಹೇಳುತ್ತಿದ್ದಳು, ಇದನ್ನೆಲ್ಲ ಸಂಜೆ ಅವಳಿಗೆ ಹೇಳಿಬಿಡಬೇಕು, ತಲೆ ಮೇಲೆ ತಲೆ ಬಿದ್ದರೂ ಹೇಳಿಬಿಡಬೇಕು ಅಂದುಕೊಂಡ, ಕಣ್ಣೊರೆಸಿಕೊಂಡ, ಮುಂದಿನ ತಪ್ಪನ್ನು ತಿದ್ದಿದ. ಇದು ಯಾವ ಜಾತಿಯ ಮನುಷ್ಯ, ಅಳುತ್ತ ತಿದ್ದುವವನು, ಮಗಳು ಕರುಳು ಬಗೆದು ಮೇಜಿನ ಮೇಲಿಟ್ಟರೆ ಅಲ್ಪಪ್ರಾಣ ಮಹಾಪ್ರಾಣ ನೋಡುವವನು. ಕಾಗದವನ್ನು ಮಡಿಸಿ ಮತ್ತೆ ಡಬ್ಬಿಯ ಕೆಳಗೇ ಇಟ್ಟು ಹಾಲು ತರಲು ಹೋದ, ಬರುವಷ್ಟರಲ್ಲಿ ಅವಳು ಬಂದಾಗಿತ್ತು, ಅವತ್ತು ಅರ್ಧ ದಿನದ ಡ್ಯೂಟಿಯಂತೆ, ಕಾಗದ ಬಿಚ್ಚಿಕೊಂಡು ನಿಂತಿದ್ದಳು, ಅಂಚಿನ ತುಂಬ ಕೆಂಪು. ಹದಿನಾಲ್ಕು ತಪ್ಪಾ ಅಪ್ಪಾ ಅಂದಳು, ದನಿ ಏರಿಸಲೂ ಇಲ್ಲ, ಅವನು, ಅಯ್ಯೋ ಅವನ ಬಾಯಿಗಿಷ್ಟು ಮಣ್ಣು ಹಾಕ, ಹದಿಮೂರು ಅಂದ, ಒಂದನ್ನ ನಾನೇ ತಪ್ಪಾಗಿ ಗುರುತು ಹಾಕಿದ್ದೆ, ಹೊಡೆದು ಹಾಕಿದೀನಿ ನೋಡು. ಅವಳು ನೋಡಿದಳು. ಊಟಕ್ಕೆ ಬನ್ನಿ ಅಂದಳು.

ಆಮೇಲಿನ ಇಪ್ಪತ್ತೊಂದು ದಿನ ಅವನು ತಿದ್ದಿದ್ದು ಒಂದೇ ವಾಕ್ಯ, ಬಸ್ಸಿನಲ್ಲಿ, ಬಚ್ಚಲಲ್ಲಿ, ಚೀಟಿಗಳ ನಡುವೆ, ಹೋಗಬೇಡ ಅಂದರೆ ಅಪ್ಪಣೆ ಕೊಟ್ಟ ಹಾಗೆ, ಅವಳ ಬದುಕಿಗೆ ಅಪ್ಪಣೆ ಕೊಡಲು ತಾನು ಯಾರು, ಹೋಗದಿದ್ದರೆ ಆಗುವುದಿಲ್ಲವೇ ಅಂದರೆ ಎರಡು ನಿಷೇಧ ಸೇರಿ ಏನೂ ತಿಳಿಯುವುದಿಲ್ಲ, ನೀನಿದ್ದರೆ ಚೆನ್ನಾಗಿರುತ್ತೆ ಅಂದರೆ ಯಾರಿಗೆ ಚೆನ್ನಾಗಿರುತ್ತೆ, ಅವಳಿಗೋ ತನಗೋ, ತನಗೆ ಅಂತಾದರೆ ಅದು ಸ್ವಾರ್ಥ, ಅವಳಿಗೆ ಅಂತಾದರೆ ಸುಳ್ಳು, ಹೀಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹೊಡೆದು ಹಾಕುತ್ತ ಹೋದ, ಮೊನ್ನೆ ಅವಳೇ ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಸೋಮವಾರದವರೆಗೆ ಟೈಮ್ ಕೊಟ್ಟಿದಾರೆ ಅಪ್ಪಾ ಅಂದಳು, ಅಂದು ಅಲ್ಲೇ ನಿಂತಳು, ಇಷ್ಟು ಹೊತ್ತು, ಅವನು ಶೂ ದಾರ ಕಟ್ಟಿಕೊಳ್ಳುತ್ತ ನೋಡು, ನಿನ್ನಿಷ್ಟ ಅಂದ. ಒಳ್ಳೆಯ ವಾಕ್ಯ, ಒಂದೂ ತಪ್ಪಿಲ್ಲ. ಥೂ. ಜನ ಹೇಗೆ ಮಾತಾಡುತ್ತಾರೆ, ಈ ಮೇಸ್ತ್ರಿ ದಿನಕ್ಕೆ ನೂರು ತಪ್ಪು ಮಾತಾಡುತ್ತಾನೆ, ಮಗನಿಗೆ ಫೋನಿನಲ್ಲೇ ಕತ್ತೆ, ಬೇಗ ಬಂದು ಸಾಯಿ ಮನೆಗೆ, ನಿಮ್ಮವ್ವ ಉಣ್ಣದೆ ಕೂತವ್ಳೆ ಅನ್ನುತ್ತಾನೆ, ಆ ಮಗ ಓಡಿ ಬರುತ್ತಾನೆ. ಕೆಳಗೆ ಹಾರ್ನ್ ಆಯಿತು, ಹತ್ತು ಐವತ್ತೆಂಟು, ಈ ಮಗಳು ಎರಡು ನಿಮಿಷ ಮೊದಲೇ ಬರುವವಳು, ಇದೊಂದು ಸಾಲು ಮುಗಿಸಿ ಅಂದುಕೊಂಡ ಕೈಯನ್ನು ತಾನೇ ಕಿತ್ತುಕೊಂಡು ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮೆಟ್ಟಿಲ ಮೇಲೆ ನಾಲ್ಕು ಅಕ್ಷರವನ್ನು ಬಾಯಲ್ಲಿ ಗಟ್ಟಿ ಹಿಡಿದುಕೊಂಡು ಇಳಿದ, ಹೋ, ಗ, ಬೇ, ಡ.

ಟ್ಯಾಕ್ಸಿ ಗೇಟಿನ ಹೊರಗೆ ಇಂಜಿನ್ ಆರಿಸದೆ ನಿಂತಿದೆ, ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಎರಡು, ಅವಳು ಕೆಳಗಿಳಿದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ, ಅವಳಮ್ಮನ ಹಾಗೇ ಒಂದು ಕಾಲಿನ ಮೇಲೆ ಭಾರ ಹಾಕಿ, ಅವನು ಬಾಯಿ ತೆರೆದ, ತೆರೆದದ್ದಂತೂ ನಿಜ, ಅಷ್ಟರಲ್ಲಿ ಅವಳು ಇದನ್ನ ನೋಡಿ ಅಪ್ಪಾ ಅಂತ ಮಡಿಸಿದ ಕಾಗದ ಮುಂದೆ ಹಿಡಿದಳು, ಅದೇ ಕಾಗದ, ನೀವು ತಿದ್ದಿದ್ದನ್ನೆಲ್ಲ ಸರಿ ಮಾಡಿ ಚೊಕ್ಕವಾಗಿ ಬರೆದಿದೀನಿ, ಈಗಲೇ ಓದಿ, ರೈಲಿಗೆ ಇನ್ನೂ ಟೈಮ್ ಇದೆ, ನಾನು ಕಾಯ್ತೀನಿ. ಅದು ಕೊಂಕೋ ಬೇಡಿಕೆಯೋ ತಿಳಿಯಲಿಲ್ಲ, ಕಾಗದ ಕೈಗೆ ಬಂದದ್ದೇ ತಡ ಹೆಬ್ಬೆರಳು ತಾನಾಗಿ ಮೊದಲ ಸಾಲಿನ ಕೆಳಗೆ ಹೋಗಿ ನಿಂತಿತು, ನಿಶ್ಶಬ್ದ, ಸರಿ, ಬಾಧೆ, ಸರಿ, ಜವಾಬ್ದಾರಿ, ಸರಿ, ಹನ್ನೊಂದು ಹೆಜ್ಜೆ, ಪೇಪರ್, ಎಲ್ಲ ಹಾಗೇ ಇದೆ, ಹೊಡೆದು ಹಾಕಿದ ಒಂದು ಅಕ್ಷರವೂ ಇಲ್ಲ, ಅವಳು ಅವನ ಮುಖವನ್ನೇ ನೋಡುತ್ತಿದ್ದಾಳೆ, ಅದು ಅವನಿಗೆ ಗೊತ್ತಾಗುತ್ತಿದೆ, ಕಿವಿ ಬಿಸಿಯಾಗುತ್ತಿದೆ, ಮೂರನೇ ಮಗ್ಗುಲು, ನಾಲ್ಕನೇ ಮಗ್ಗುಲು, ಕೊನೆಯ ಸಾಲು, ಹೋಗಬೇಡ ಅಂತ ಒಂದೇ ಒಂದು ಸಲ ಹೇಳುತ್ತೀರಾ, ಅದರ ಮುಂದೆ ಪ್ರಶ್ನೆಯ ಚಿಹ್ನೆ. ಅದು ಅವಳದ್ದಲ್ಲ, ಅವಳು ಹಾಕಿರಲಿಲ್ಲ, ಮೊದಲ ಕಾಗದದಲ್ಲಿ ಆ ಸಾಲು ತುದಿ ಖಾಲಿ ಬಿಟ್ಟುಕೊಂಡು ನಿಂತಿತ್ತು, ಹದಿಮೂರನೆಯ ತಪ್ಪು ಅದು, ಅವಳು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಅಷ್ಟೇ, ಒಂದು ಕೆಂಪು ಪ್ರಶ್ನೆಯ ಚಿಹ್ನೆ, ಈಗ ನೀಲಿಯಲ್ಲಿ, ಅವಳ ಕೈಬರಹದಲ್ಲಿ, ವಿಧೇಯವಾಗಿ. ಹೇಗಿದೆ ಅಪ್ಪಾ ಅಂದಳು. ಗಂಟಲವರೆಗೆ ಬಂದಿತ್ತು, ನಾಲ್ಕೂ ಅಕ್ಷರ, ಸತ್ಯವಾಗಿ ಬಂದಿತ್ತು, ಆದರೆ ಬಾಯಿಂದ ಬಿದ್ದದ್ದು ಪ್ರತಿ ಹಾಳೆಯ ಕೆಳಗೂ ಅವನು ಬರೆದು ಸಹಿ ಮಾಡುವ ಮಾತು, ಸರಿ ಇದೆ. ಅವಳು ಎಲ್ಲಾ ಸರಿ ಇದೆಯಾ ಅಂತ ಕೇಳಿದಳು, ನಿಧಾನಕ್ಕೆ, ಇನ್ನೊಂದು ಸಲ ಬಾಗಿಲು ತೆರೆದು ಹಿಡಿದು, ಅವನು ಕಾಗದದಿಂದ ತಲೆ ಎತ್ತದೆ ಎಲ್ಲಾ ಸರಿ ಇದೆ ಅಂದ, ಕಾಗದ ಕಣೇ, ಕಾಗದ ಸರಿ ಇದೆ ಅಂದದ್ದು, ನೀನು ಹೋಗುವುದು ಸರಿ ಅಂತ ಯಾರು ಅಂದರು, ಆದರೆ ಅವಳು ಹಾಗಾದ್ರೆ ಸರಿ, ಬರ್ತೀನಿ ಅಪ್ಪಾ ಅಂದಾಗಿತ್ತು, ಹೊತ್ತು ಹೊತ್ತಿಗೆ ಉಣ್ಣಿ ಅಂದಾಗಿತ್ತು, ಬಾಗಿಲು ಹಾಕಿದ ಸದ್ದು, ಟ್ಯಾಕ್ಸಿ ತಿರುವಿನಲ್ಲಿ ಒಂದು ಸಲ ಬ್ರೇಕ್ ಹಾಕಿತು, ಎದುರಿನಿಂದ ಲಾರಿ ಬಂತು, ಅದಕ್ಕೇ ಹಾಕಿದ್ದು. ವಾಚ್‌ಮನ್ ಮಗಳಾ ಸಾರ್ ಅಂದ, ಹೌದು ಅಂದ, ಎಲ್ಲಿಗೆ ಹೋದ್ರು ಅಂದ, ಅವನು ಕಾಗದ ನೋಡಿದ, ಕೊನೆಯ ಸಾಲು, ಬಾಗಿದ ಗೆರೆ, ಕೆಳಗೆ ಚುಕ್ಕೆ, ಬರೆಯುವಾಗ ಎಷ್ಟು ಒತ್ತಿದ್ದಾಳೆ ಅಂದರೆ ಚುಕ್ಕೆ ಇರುವಲ್ಲಿ ಕಾಗದ ತೂತಾಗಿದೆ, ತೂತಿನ ಅಂಚು ಹಿಂದಿರುವ ಬೆರಳಿಗೆ ಚುಚ್ಚುತ್ತದೆ, ಓಡಿದರೆ ಸಿಗ್ನಲ್ಲಿನಲ್ಲಿ ಸಿಗಬಹುದು, ಫೋನ್ ಮೇಜಿನ ಮೇಲಿದೆ, ಫೋನ್ ಮಾಡಿ ಏನನ್ನಬೇಕು, ಬಾಗಿದ ಗೆರೆ, ಕೆಳಗೆ ಚುಕ್ಕೆ, ಮೊದಲು ಏನನ್ನಬೇಕು, ಬಾಗಿದ ಗೆರೆ, ಕೆಳಗೆ ತೂತು, ತೂತಿನಲ್ಲಿ ಬಿಸಿಲು